ಗಾಡಿಯ ಕೆಳಗೂ ಸ್ವಲ್ಪ ಬಗ್ಗಿ ನೋಡು

ತಮ್ಮಾ, ಫೋರ್ ಬೈ ಫೋರ್ ಪಿಕಪ್ ತಗೊಳ್ಳುವ ಸುದ್ದಿ ನನ್ನ ಕಿವಿಗೂ ಬಿತ್ತು. ಬೇಡ ಅನ್ನಲಾರೆ. ನೀನು ದುಡಿಯುವ ಹುಡುಗ. ಗದ್ದೆಯೂ ಗೊತ್ತು, ತೋಟವೂ ಗೊತ್ತು, ಸ್ಪ್ಯಾನರ್ ಹಿಡಿದರೆ ಕೈ ನಡುಗುವುದಿಲ್ಲ. ಅವಸರ ಒಂದು ಜಾಸ್ತಿ, ಅಷ್ಟೇ. ಗಾಡಿ ಇನ್ನೂ ಶೋರೂಮಿನಲ್ಲಿದೆ, ನೀನಾಗಲೇ ಟಾಪಿನ ಮೇಲೆ ಎಷ್ಟು ಲೈಟು, ಹಿಂದಿನ ಗ್ಲಾಸಿಗೆ ಯಾವ ಸ್ಟಿಕ್ಕರು ಅಂತ ತೀರ್ಮಾನ ಮಾಡಿ ಕೂತಿದ್ದೀಯಂತೆ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದವರ ವಂಶ ನಮ್ಮದು, ನಿನ್ನೊಬ್ಬನನ್ನೇ ಬೈದು ಏನು ಫಲ.

ನನ್ನದು ಒಂದೇ ಮಾತು, ಉಳಿದದ್ದೆಲ್ಲ ಅದರ ವಿವರ. ಇಂಥ ಗಾಡಿಗೆ ಹಾಕುವ ದುಡ್ಡು, ಗಮನ, ಬೆವರು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಟೈರು ಮೊದಲು, ಲೈಟು ಕೊನೆಗೆ. ಬ್ರೇಕು ಮೊದಲು, ಹಾಡು ಕೊನೆಗೆ. ಪೇಟೆಯಲ್ಲಿ ನಾಲ್ಕು ಜನ ತಿರುಗಿ ನೋಡುವ ಜಾಗಕ್ಕೆ ಖರ್ಚು ಮಾಡುವುದನ್ನು ಯಾರೂ ಕಲಿಸಬೇಕಿಲ್ಲ. ಯಾರೂ ನೋಡದ ಜಾಗಕ್ಕೆ ಬಗ್ಗಿ ಕೈ ಹಾಕುವವನೇ ಗಾಡಿಗೆ ಯಜಮಾನ. ಉಳಿದವರು ಕಂತು ಕಟ್ಟುವವರು, ಅಷ್ಟೇ.

ಮೊದಲು ನಿನಗೆ ಬೇಕಾದದ್ದು ಏನು ಅಂತ ಕೂತು ಲೆಕ್ಕ ಹಾಕು. ನೀನು ಮೊಬೈಲಿನಲ್ಲಿ ನೋಡುವುದು ಲಡಾಖು, ರಾಜಸ್ಥಾನ. ಅಲ್ಲಿ ಗಾಡಿ ಹಾರುತ್ತದೆ, ಹೊಳೆ ದಾಟುತ್ತದೆ, ಮೇಲಿಂದ ಮ್ಯೂಸಿಕ್ ಬೇರೆ. ನಮ್ಮದು ಸೊರಬ ಮಾರಾಯ. ಇತ್ತ ಶಿರಾಳಕೊಪ್ಪ, ಶಿಕಾರಿಪುರದ ಕಡೆ ಹೋದರೆ ಮೆಕ್ಕೆಜೋಳದ ಬಯಲು, ಕೆರೆ ಏರಿ. ಅತ್ತ ಚಂದ್ರಗುತ್ತಿ, ಸಾಗರದ ಕಡೆ ತಿರುಗಿದರೆ ಕಾನು, ಅಡಿಕೆ ತೋಟ, ಏರು, ಇಳುಕಲು. ದೊಡ್ಡ ದಾರಿಗೆಲ್ಲ ಡಾಂಬರು ಬಂದಿದೆ. ಕಷ್ಟ ಇರುವುದು ಡಾಂಬರು ಮುಗಿದ ಮೇಲಿನ ತುಂಡು ದಾರಿಯಲ್ಲಿ. ಗದ್ದೆಗೆ ಇಳಿಯುವ ಜಾಗ, ಹಳ್ಳದ ಅಂಚು, ತೋಟದ ಹೊಂಡ, ಕಾನಂಚಿನ ಗಾಡಿ ಜಾಡು. ಬೇಸಿಗೆಯಲ್ಲಿ ಅಲ್ಲಿ ಮೊಣಕಾಲು ಮುಚ್ಚುವ ಕೆಂಪು ಧೂಳು. ಜೂನ್‌ನಲ್ಲಿ ಅದೇ ಧೂಳು ಸಾಬೂನಿಗಿಂತ ಜಾರುವ ಕೆಸರು.

ಇನ್ನು ವರ್ಷದ ಕೆಲಸ ನೋಡು. ಬೇಸಿಗೆಯ ಕೊನೆಗೆ ಶುಂಠಿ ಬೀಜ, ಗೊಬ್ಬರ. ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಯಲು ಡ್ರಮ್ಮು, ಪಂಪು, ಆಳುಗಳ ಸಾಮಾನು. ಮಳೆ ಹಿಂದೆ ಸರಿದ ಮೇಲೆ ಅಡಿಕೆ ಗೊನೆ, ಭತ್ತದ ಚೀಲ, ಆಮೇಲೆ ಶುಂಠಿ ಚೀಲ. ಇದರಲ್ಲಿ ನಾಲ್ಕೂ ಚಕ್ರ ಎಳೆಯಲೇಬೇಕಾದ ದಿನ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆ. ಮಳೆಗಾಲದ ಕೆಲವೇ ವಾರ ಅಂತ ಬಂದರೆ ಸಾದಾ ಪಿಕಪ್ಪು, ಒಳ್ಳೆ ಟೈರು, ಹತ್ತಿರದಲ್ಲೊಂದು ಟ್ರ್ಯಾಕ್ಟರ್ ಸ್ನೇಹ ಸಾಕು. ಇಲ್ಲ, ತೋಟಕ್ಕೆ ವರ್ಷವಿಡೀ ಅದೇ ದಾರಿ ಅನ್ನುವುದಾದರೆ ಫೋರ್ ಬೈ ಫೋರ್ ತಗೊ. ಆಗ ಅದು ಶೋಕಿ ಅಲ್ಲ, ಸಲಕರಣೆ. ಹಾಳೆಯಲ್ಲಿ ಸುಳ್ಳು ಬರೆದರೆ ಮಾತ್ರ ನಷ್ಟ ನಿನ್ನದೇ.

ದುಡ್ಡಿನ ಮಾತು. ಶುಂಠಿ ರೇಟು ನಂಬಿ ಕಂತು ಕಟ್ಟುವ ಲೆಕ್ಕ ಹಾಕಬೇಡ. 2023ರಲ್ಲಿ 60 ಕೆಜಿ ಚೀಲಕ್ಕೆ ಯಾರೂ ಕನಸಲ್ಲೂ ಕಾಣದ ರೇಟು ಬಂತು. ಅದನ್ನು ನೋಡಿ ಗದ್ದೆ ಇದ್ದವನೂ ಶುಂಠಿ, ಇಲ್ಲದವನು ಗುತ್ತಿಗೆ ಹಿಡಿದೂ ಶುಂಠಿ. ರೇಟು ಆಮೇಲೆ ಕೆಳಗೆ ಬಿತ್ತು, ಬ್ಯಾಂಕಿನ ಕಂತು ಬೀಳಲಿಲ್ಲ. ಬೆಳೆ ಅರ್ಧ ಕೈಕೊಟ್ಟ ವರ್ಷವೂ ಕಟ್ಟಬಲ್ಲೆ ಅನ್ನುವಷ್ಟೇ ಸಾಲ ಮಾಡು. ಗಾಡಿಯ ಬೆಲೆಯ ಜೊತೆಗೆ ಒಂದು ಸೆಟ್ ಟೈರು, ಇನ್ಶೂರೆನ್ಸು, ಒಂದು ದೊಡ್ಡ ರಿಪೇರಿ ಇಷ್ಟರ ದುಡ್ಡು ಪಕ್ಕಕ್ಕೆ ತೆಗೆದಿಡು. ತೆಗೆದಿಡಲು ಆಗದಿದ್ದರೆ ನಿನಗೆ ಆ ಗಾಡಿ ಇನ್ನೂ ಒಂದು ವರ್ಷ ದೂರ ಇದೆ ಅಂತ ಅರ್ಥ. ಒಂದು ವರ್ಷ ಏನು ಮಹಾ, ನಿನಗಿನ್ನೂ ಮೀಸೆ ದಪ್ಪ ಆಗಬೇಕು.

ಯಾವ ಗಾಡಿ ಅಂತ ಕೇಳುತ್ತೀಯ. ನಮ್ಮ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಮಹೀಂದ್ರಾದವರು 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಲು ಶುರು ಮಾಡಿದರು. ಮಲೆನಾಡಿನಲ್ಲಿ ಎಸ್ಟೇಟಿನವರಿಗೂ ಅದೇ, ಫಾರೆಸ್ಟಿನವರಿಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ. ಪ್ಯೂಜೋ ಡೀಸೆಲ್ ಎಂಜಿನ್ ಇದ್ದ ಎಂಎಂ 540 ಇವತ್ತಿಗೂ ಕೆಲವರ ಕೊಟ್ಟಿಗೆಯಲ್ಲಿದೆ, ಕೀಲಿ ತಿರುಗಿಸಿದರೆ ಎದ್ದು ಕೂರುತ್ತದೆ. ಈಗ ಬೊಲೆರೊ ಕ್ಯಾಂಪರಿನಲ್ಲಿ ಫೋರ್ ಬೈ ಫೋರ್ ಉಂಟು. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು. 2022ರಲ್ಲಿ ಟೊಯೋಟಾ ಹೈಲಕ್ಸ್ ಬಂತು. ಎಲ್ಲವೂ ಗಟ್ಟಿ ಗಾಡಿಯೇ. ಆದರೆ ನೀನು ಕೇಳಬೇಕಾದ ಪ್ರಶ್ನೆ ಬೇರೆ. ಆಗಸ್ಟ್ ತಿಂಗಳ ಮಳೆಯಲ್ಲಿ, ಆನವಟ್ಟಿಯಿಂದಾಚೆ ಎಲ್ಲೋ ಕ್ಲಚ್ ಹೋದರೆ ಬಂದು ಬಿಚ್ಚುವ ಕೈ ಯಾವುದು? ಆ ಪಾರ್ಟು ಸಾಗರದಲ್ಲಿ ಸಿಗುತ್ತದೋ, ಶಿವಮೊಗ್ಗಕ್ಕೆ ಹೋಗಬೇಕೋ, ಬೆಂಗಳೂರಿನಿಂದ ಬರಬೇಕೋ? ಪಾರ್ಟು ಸಿಗದ ಒಳ್ಳೆ ಗಾಡಿಗಿಂತ ಪಾರ್ಟು ಸಿಗುವ ಸಾಧಾರಣ ಗಾಡಿ ಮೇಲು.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಬೆಳಿಗ್ಗೆ ಬೇಗ, ಎಂಜಿನ್ ತಣ್ಣಗಿರುವಾಗ ಹೋಗು. ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳು. ಹೊಸ ಪೇಂಟು, ಹೊಸ ಸೀಟ್ ಕವರು ನೋಡಿ ಮರುಳಾಗಬೇಡ. ಗೋಣಿಚೀಲ ಹಾಸಿ ಕೆಳಗೆ ಮಲಗು. ಚಾಸಿಗೆ ವೆಲ್ಡಿಂಗ್ ಹಾಕಿದ ಗುರುತಿದೆಯಾ, ಆಕ್ಸೆಲ್ ಹೌಸಿಂಗ್ ಒದ್ದೆಯಾಗಿದೆಯಾ, ಮುಂದಿನ ಶಾಫ್ಟು ಜಾಗದಲ್ಲಿದೆಯಾ ನೋಡು. ನಗಬೇಡ. ಫೋರ್ ಬೈ ಫೋರ್ ಅಂತ ಬೋರ್ಡು ಇದ್ದು, ಮುಂದಿನ ಶಾಫ್ಟು ಬಿಚ್ಚಿ ಮೂಲೆಗಿಟ್ಟ ಗಾಡಿಗಳು ಬೇಕಾದಷ್ಟಿವೆ. ಕೆಸರಿಗೆ ಇಳಿಸಿ ನಾಲ್ಕು ಹಾಕಿ ಮುಂದಿನ ಚಕ್ರ ನಿಜವಾಗಿ ಎಳೆಯುತ್ತದಾ ಅಂತ ಕಣ್ಣಾರೆ ನೋಡು. ಆಮೇಲೆ ಕಾಗದ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ತೆಗೆಸಿದ್ದಾರಾ, ಎಫ್‌ಸಿ ಇದೆಯಾ, ಚಾಸಿ ನಂಬರು ತಾಳೆ ಬೀಳುತ್ತದಾ. ಇಷ್ಟಾದ ಮೇಲೆ ಬೆಲೆಯ ಮಾತು. ಬೆಲೆ ಮೊದಲು ಮಾತಾಡಿದವನ ಕಣ್ಣಿಗೆ ಆಮೇಲೆ ಯಾವ ತಪ್ಪೂ ಕಾಣುವುದಿಲ್ಲ.

ಇನ್ನು ನಾಲ್ಕು ಚಕ್ರದ ಗುಟ್ಟು ಹೇಳುತ್ತೇನೆ, ಇದನ್ನು ಶೋರೂಮಿನವರು ಹೇಳುವುದಿಲ್ಲ. ಎರಡೇ ಚಕ್ರ ಎಳೆಯುವ ಗಾಡಿ ರಸ್ತೆಯ ಪಕ್ಕದಲ್ಲೇ ಹೂತುಕೊಳ್ಳುತ್ತದೆ. ನಾಲ್ಕೂ ಎಳೆಯುವಂಥದ್ದು ಟ್ರ್ಯಾಕ್ಟರೂ ಬರಲಾರದಷ್ಟು ಒಳಗೆ ಹೋಗಿ ಹೂತುಕೊಳ್ಳುತ್ತದೆ. ಹಾಗಾಗಿ ಹೋಗುವಷ್ಟು ದೂರ ಎರಡರಲ್ಲೇ ಹೋಗು. ನೆಲ ಕೈಕೊಡುತ್ತದೆ ಅನ್ನಿಸಿದ ಕಡೆ ನಿಲ್ಲಿಸು, ಇಳಿ, ನಡೆದು ನೋಡು. ಪಂಚೆ ಎತ್ತಿ ಕಟ್ಟಿ ನಡೆದು ದಾಟಲಾಗದ ಕೆಸರಿಗೆ ಗಾಡಿ ಇಳಿಸುವುದು ಯಾವ ಜಾಣತನ? ದಾಟಬಹುದು ಅನ್ನಿಸಿದರೆ ಚಕ್ರ ತಿರುಗುವ ಮೊದಲೇ ನಾಲ್ಕು ಹಾಕು. ಹೂತ ಮೇಲೆ ಹಾಕುವುದಲ್ಲ. ಲಿವರ್ ಇರುವುದು ಮರ್ಯಾದೆಯಾಗಿ ವಾಪಸು ಬರಲಿಕ್ಕೆ, ಮುಂದೆ ಎಲ್ಲಿಯವರೆಗೆ ನುಗ್ಗಬಹುದು ಅಂತ ಪರೀಕ್ಷೆ ಮಾಡಲಿಕ್ಕಲ್ಲ.

ಒಣ ಡಾಂಬರಿನ ಮೇಲೆ ನಾಲ್ಕು ಹಾಕಿ ಓಡಿಸಬೇಡ. ತಿರುವಿನಲ್ಲಿ ಮುಂದಿನ ಚಕ್ರ ಸುತ್ತುವ ದೂರ ಬೇರೆ, ಹಿಂದಿನದು ಬೇರೆ. ಈ ಪಿಕಪ್ಪುಗಳಲ್ಲಿ ಮುಂದೆ ಹಿಂದೆ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತಾರೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಡಾಂಬರು ಜಾರಲು ಬಿಡುವುದಿಲ್ಲ. ಸ್ಟೇರಿಂಗು ಬಿಗಿಯುತ್ತದೆ, ಗೇರ್ ಪೆಟ್ಟಿಗೆ ನರಳುತ್ತದೆ, ಕೊನೆಗೆ ಏನೋ ಒಂದು ತುಂಡಾಗುತ್ತದೆ. ಹಾಗಂತ ವರ್ಷಗಟ್ಟಲೆ ಹಾಕದೆಯೂ ಇರಬೇಡ. ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಸ್ವಲ್ಪ ದೂರ ಹಾಕಿ ಓಡಿಸು, ಒಳಗಿನ ಎಣ್ಣೆ ಓಡಾಡಲಿ. ಇಲ್ಲವಾದರೆ ಬೇಕಾದ ದಿನ ಲಿವರು ಅಲುಗುವುದಿಲ್ಲ.

ಲೋ ಗೇರು ಅಂದರೆ ಏರಿಗೆ ಮಾತ್ರ ಅಂತ ತಿಳಿದಿದ್ದೀಯ. ಅದರ ನಿಜವಾದ ಉಪಕಾರ ಇಳಿಯುವಾಗ. ಕೊಡಚಾದ್ರಿಗೆ ಜೀಪು ಹತ್ತಿಸುವವರನ್ನು ಒಮ್ಮೆ ಹೋಗಿ ನೋಡು. ಕೊಲ್ಲೂರಿನಿಂದ, ನಿಟ್ಟೂರಿನ ಕಡೆಯಿಂದ ದಿನವೂ ಜನರನ್ನು ಕೂರಿಸಿಕೊಂಡು ಆ ಕಲ್ಲು ಕೊರಕಲಿನಲ್ಲಿ ಹತ್ತಿಳಿಯುತ್ತಾರೆ. ಒಬ್ಬನಾದರೂ ಅವಸರ ಮಾಡುವುದನ್ನು ಕಾಣುವುದಿಲ್ಲ. ಇಳಿಯುವಾಗ ಸಣ್ಣ ಗೇರು, ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕಿನ ಮೇಲೆ ಕಾಲು ಆಗೊಮ್ಮೆ ಈಗೊಮ್ಮೆ. ನೀನು ಡೀಸೆಲ್ ಉಳಿಸಲು ಇಳುಕಲಿನಲ್ಲಿ ನ್ಯೂಟ್ರಲ್ ಹಾಕುತ್ತೀಯಲ್ಲ, ಅದನ್ನು ಇವತ್ತೇ ಬಿಡು. ಬ್ರೇಕು ಕಾದು ಹಿಡಿಯದೆ ಹೋದರೆ ಉಳಿಸಿದ ಡೀಸೆಲಿನಿಂದ ಏನೂ ಆಗುವುದಿಲ್ಲ.

ಈಗ ನಿನಗೆ ಇಷ್ಟವಾದ ವಿಷಯಕ್ಕೆ ಬಂದೆ, ಮಾಡಿಫಿಕೇಶನ್ನು. ಕಾನೂನು ಮೊದಲು ಕೇಳು, ಮುಖ ಊದಿಸಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿತು. ಮುಂದೆ ಕಬ್ಬಿಣದ ಬುಲ್ ಗಾರ್ಡ್ ಹಾಕಿಸುವುದನ್ನು 2017ರ ಡಿಸೆಂಬರಿನಲ್ಲೇ ಕೇಂದ್ರದ ಸಾರಿಗೆ ಸಚಿವಾಲಯ ಬೇಡ ಅಂದಿದೆ. ಕಾರಣವೂ ಇದೆ. ಗುದ್ದಿದಾಗ ನಜ್ಜುಗುಜ್ಜಾಗಿ ಪೆಟ್ಟು ನುಂಗಬೇಕಾದ ಮೂತಿಯನ್ನು ಆ ಕಬ್ಬಿಣ ನಜ್ಜಾಗಲು ಬಿಡುವುದಿಲ್ಲ. ಪೆಟ್ಟು ನೇರ ಚಾಸಿಗೆ, ಅಲ್ಲಿಂದ ನಿನ್ನ ಎದೆಗೆ. ಏರ್‌ಬ್ಯಾಗಿನ ಲೆಕ್ಕವೂ ತಪ್ಪಬಹುದು. ಎದುರಿಗೆ ನಡೆದು ಬರುವವನ ಗತಿ ಕೇಳುವುದೇ ಬೇಡ. ಇನ್ಶೂರೆನ್ಸಿನವರಿಗೆ ಹೇಳದೆ ಏನು ಬದಲಿಸಿದರೂ ಕ್ಲೇಮಿನ ದಿನ ಅದನ್ನೇ ಹಿಡಿದು ಎಳೆಯುತ್ತಾರೆ.

ಕಾನೂನು ಬದಿಗಿಡು, ಕೆಲಸದ ಲೆಕ್ಕದಲ್ಲೇ ನೋಡು. ದೊಡ್ಡ ಟೈರು ಹಾಕಿಸಿದರೆ ಗಾಡಿ ಗಂಡಾಗಿ ಕಾಣುತ್ತದೆ, ಒಪ್ಪಿದೆ. ಆದರೆ ಟೈರಿನ ಸುತ್ತಳತೆ ನೂರಕ್ಕೆ ಹತ್ತು ಹೆಚ್ಚಾದರೆ ಮೀಟರು 60 ತೋರಿಸುವಾಗ ನೀನು 66ರಲ್ಲಿ ಓಡುತ್ತಿರುತ್ತೀಯ. ಗೇರು ಎಲ್ಲ ಭಾರವಾಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ, ಅದೇ ಬ್ರೇಕು ದೊಡ್ಡ ಚಕ್ರವನ್ನು ನಿಲ್ಲಿಸಬೇಕು. ಗಾಡಿ ಎತ್ತರಿಸಿದರೆ ಶಾಫ್ಟುಗಳ ಕೋನ ಕೆಟ್ಟು ಜಾಯಿಂಟಿನ ರಬ್ಬರು ಹರಿಯುತ್ತದೆ. ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ನಮ್ಮ ಕಡೆ ಲೋಡು ಹೊತ್ತು ಕೆರೆ ಏರಿಯ ಮೇಲೆ ಬರುವವನಿಗೆ ಇದು ಆಟ ಅಲ್ಲ. ಮೂರು ಮಾರು ಉದ್ದದ ಎಲ್‌ಇಡಿ ಪಟ್ಟಿ ಎದುರಿನವನ ಕಣ್ಣು ಕತ್ತಲೆ ಮಾಡುತ್ತದೆ, ಆ ಎದುರಿನವ ಬೈಕಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡ ನಿನ್ನ ಭಾವನೇ ಇರಬಹುದು.

ಹಿಂದಿನ ಕಮಾನು ಪಟ್ಟಿಗೆ ಎರಡು ಹೆಚ್ಚಿನ ಬ್ಲೇಡು ಹಾಕಿಸಿ ಲೋಡು ಜಾಸ್ತಿ ತುಂಬುವ ಬುದ್ಧಿ ಬಹಳ ಜನರಿಗಿದೆ. ಬ್ಲೇಡು ಗಟ್ಟಿಯಾದರೆ ಗಾಡಿ ಕುಸಿದು ಕಾಣುವುದಿಲ್ಲ, ಅಷ್ಟೇ. ಆಕ್ಸೆಲ್ಲು ಅದೇ, ಬೇರಿಂಗು ಅದೇ, ಬ್ರೇಕು ಅದೇ, ಟೈರೂ ಅದೇ. 1.3 ಟನ್ನಿನ ಪಿಕಪ್ಪಿಗೆ 60 ಕೆಜಿಯ 21 ಚೀಲ ಹಾಕಿದರೆ 1,260 ಕೆಜಿ, ಅಲ್ಲಿಗೆ ಲೋಡು ಭರ್ತಿ. ಮೇಲೆ ಇನ್ನು ಹತ್ತು ಚೀಲ ಒಗೆದರೆ ಒಂದು ಟ್ರಿಪ್ಪಿನ ಡೀಸೆಲು ಉಳಿಯಿತು ಅಂತ ಖುಷಿ. ಹಬ್ ಬೇರಿಂಗು ಮುರಿದ ದಿನ ಆ ಉಳಿತಾಯವೆಲ್ಲ ಬಡ್ಡಿ ಸಮೇತ ವಾಪಸು ಹೋಗುತ್ತದೆ.

ಹಾಗಾದರೆ ಏನನ್ನೂ ಹಾಕಿಸಬಾರದಾ? ಹಾಕಿಸು, ಕೆಳಗಿನಿಂದ ಶುರು ಮಾಡು. ಕಂಪನಿ ಒಪ್ಪಿದ ಅಳತೆಯಲ್ಲೇ ಒಳ್ಳೆ ಹಲ್ಲಿನ ಟೈರು. ವರ್ಷದ ಮುಕ್ಕಾಲು ಪಾಲು ನೀನು ಓಡುವುದು ಡಾಂಬರಿನಲ್ಲಿ, ಹಾಗಾಗಿ ಪೂರ್ತಿ ಮಡ್ ಟೈರು ಬೇಡ. ಅದು ಒದ್ದೆ ಡಾಂಬರಿನಲ್ಲಿ ಬೇಗ ನಿಲ್ಲುವುದಿಲ್ಲ, ಕಿವಿಗೂ ಹಿಂಸೆ. ಎರಡಕ್ಕೂ ಆಗುವ ಆಲ್ ಟೆರೇನ್ ಸಾಕು. ಎಂಜಿನ್ ಕೆಳಗೆ ಕಲ್ಲು ತಾಗದ ಹಾಗೆ ಒಂದು ಗಟ್ಟಿ ಪ್ಲೇಟು. ಚಾಸಿಗೆ ಬೋಲ್ಟ್ ಆಗುವ ಎಳೆಯುವ ಕೊಕ್ಕೆ, ಮುಂದೊಂದು ಹಿಂದೊಂದು. ಹಿಂದಿನ ಬಾಡಿಗೆ ದಪ್ಪ ರಬ್ಬರ್ ಹಾಸು. ಗಾಳಿ ತುಂಬುವ ಸಣ್ಣ ಕಂಪ್ರೆಸರು. ಇದರಲ್ಲಿ ಒಂದೂ ಫೋಟೋದಲ್ಲಿ ಚಂದ ಕಾಣುವುದಿಲ್ಲ, ಗೊತ್ತು. ಎಲ್ಲವೂ ಮಳೆಗಾಲದಲ್ಲಿ ಕೆಲಸಕ್ಕೆ ಬರುತ್ತವೆ.

ಕಂಪ್ರೆಸರು ಯಾಕೆ ಅಂದರೆ, ಕೆಸರಿನಲ್ಲಿ ಗಾಡಿಗೆ ಬಲ ಬರುವುದು ಆಕ್ಸಿಲೇಟರಿನಿಂದಲ್ಲ, ಗಾಳಿ ಇಳಿಸುವುದರಿಂದ. ಖಾಲಿ ಗಾಡಿಯ ಟೈರನ್ನು ಇಪ್ಪತ್ತು ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಹೊರಗೆ ಬಂದ ಕೂಡಲೇ ಮತ್ತೆ ತುಂಬಿಸು. ಗಾಳಿ ಕಡಿಮೆ ಇಟ್ಟು ಲೋಡು ಹೊತ್ತು ಡಾಂಬರಿನಲ್ಲಿ ಓಡಿದರೆ ಟೈರು ಕಾದು ಸಿಡಿಯುತ್ತದೆ. ಈ ಉಪಾಯಕ್ಕೆ ಖರ್ಚು ಬರೀ ಹತ್ತು ನಿಮಿಷ. ಆ ಹತ್ತು ನಿಮಿಷವೇ ನಿನಗೆ ಭಾರ ಅಂತ ನನಗೆ ಗೊತ್ತು.

ಇಟ್ಟುಕೊಳ್ಳುವ ವಿಷಯಕ್ಕೆ ಬರೋಣ. ಗಾಡಿ ಹಾಳಾಗುವುದು ಓಡಿಸುವುದರಿಂದಲ್ಲ, ಓಡಿಸಿ ಬಂದು ಹಾಗೇ ನಿಲ್ಲಿಸುವುದರಿಂದ. ಕೆಸರಿನಲ್ಲಿ ಹೋಗಿ ಬಂದ ಸಂಜೆಯೇ ಪೈಪು ಹಿಡಿದು ಕೆಳಗಡೆ ತೊಳೆ. ಬಾನೆಟ್ಟು ಹೊಳೆಯದಿದ್ದರೂ ಪರವಾಗಿಲ್ಲ. ಚಾಸಿಯ ಮೂಲೆ, ಮಡ್‌ಗಾರ್ಡಿನ ಒಳಗಡೆ ಕೂತ ಮಣ್ಣು ವಾರವಾದರೂ ಒಣಗುವುದಿಲ್ಲ, ಒಳಗೊಳಗೇ ತುಕ್ಕು ತಿನ್ನುತ್ತದೆ. ವಾಟರ್ ಸರ್ವಿಸಿಗೆ ಬಿಟ್ಟರೂ ಪಕ್ಕದಲ್ಲಿ ನಿಂತು, ಅಲ್ಲಿಗೆ ಹೊಡಿ, ಇಲ್ಲಿಗೆ ಹೊಡಿ ಅಂತ ಹೇಳು. ಅದಾದ ಮೇಲೆ ಗ್ರೀಸು. ನೀರಿನ ರಭಸಕ್ಕೆ ಜಾಯಿಂಟಿನ ಗ್ರೀಸು ತೊಳೆದುಹೋಗಿರುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ನಿಪ್ಪಲ್ ಇದೆ, ಮಣ್ಣು ಒರೆಸಿ ಗನ್ ಹಾಕು. ಹಳೆ ಗ್ರೀಸು ಅಂಚಿನಿಂದ ಕಪ್ಪಾಗಿ ಹೊರಬಂದು, ಹಿಂದೆಯೇ ಹೊಸದು ಇಣುಕುವ ತನಕ ಒತ್ತು. ಅಲ್ಲಿಗೆ ಸಾಕು.

ಹಳ್ಳ ದಾಟಿ ಬಂದ ಮೇಲೆ ನೋಡಬೇಕಾದ ಇನ್ನೊಂದು ಜಾಗವಿದೆ, ಹೌಸಿಂಗಿನ ಮೇಲಿನ ಬ್ರೀದರು. ಹೆಬ್ಬೆರಳಿನಷ್ಟೂ ಇಲ್ಲ, ಆದರೆ ಅದರ ಕೆಲಸ ದೊಡ್ಡದು. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರು ಮಣ್ಣು ಕಟ್ಟಿಕೊಂಡಿದ್ದರೆ ಆ ಎಳೆತಕ್ಕೆ ಸೀಲಿನ ಸಂದಿಯಿಂದ ನೀರು ಒಳಗೆ ಬರುತ್ತದೆ. ಮಾರನೆ ದಿನ ಬೆಳಿಗ್ಗೆ ಪ್ಲಗ್ಗು ಸ್ವಲ್ಪ ಸಡಿಲ ಮಾಡಿ ಒಂದೆರಡು ಹನಿ ಬೆರಳಿಗೆ ತಗೊ. ಎಣ್ಣೆ ಎಣ್ಣೆಯ ಬಣ್ಣದಲ್ಲೇ ಇದ್ದರೆ ಸರಿ. ಹಾಲು ಹೆಚ್ಚಾದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ ಅಂತ ಲೆಕ್ಕ. ಅವತ್ತೇ ಎಣ್ಣೆ ಬದಲಿಸು, ಶುಂಠಿ ಮಾರಿದ ಮೇಲೆ ನೋಡೋಣ ಅನ್ನಬೇಡ. ಬ್ರೀದರಿಗೆ ಒಂದು ಪೈಪು ಜೋಡಿಸಿ ಎತ್ತರಕ್ಕೆ ಕಟ್ಟಿಸಿಕೊಂಡರೆ ಈ ರಗಳೆಯೇ ಇಲ್ಲ. ಅಷ್ಟೆಲ್ಲ ದುಡ್ಡು ಸುರಿದು ಸ್ನಾರ್ಕೆಲ್ ಹಾಕಿಸುವವರು ಇದನ್ನು ಮಾತ್ರ ಮರೆಯುತ್ತಾರೆ.

ತೋಟದವನ ಗಾಡಿಗೆ ಪೇಟೆಯವನಿಗಿಲ್ಲದ ಶತ್ರುಗಳು ಎರಡು. ಒಂದು ಪೊಟ್ಯಾಷು. ಅದು ಒಂದು ಜಾತಿಯ ಉಪ್ಪೇ. ಚೀಲದಿಂದ ಉದುರಿದ್ದು ಬಾಡಿಯ ಸಂದಿಯಲ್ಲಿ ಕೂತು ಮಳೆಯ ತೇವ ಹೀರಿ ತಗಡನ್ನು ತಿನ್ನುತ್ತದೆ. ಎರಡನೆಯದು ಮೈಲುತುತ್ತ. ಕೊಳೆ ರೋಗಕ್ಕೆ ನೂರು ಲೀಟರು ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿ ಬೋರ್ಡೋ ಮಾಡುತ್ತೀಯಲ್ಲ, ಹದ ನೋಡಲು ಕತ್ತಿ ಅದ್ದಿದ್ದು ನೆನಪು ಮಾಡಿಕೊ. ಸುಣ್ಣ ಸಾಲದಿದ್ದರೆ ಕತ್ತಿಯ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದಿರುತ್ತದೆ. ಕತ್ತಿಗೆ ಕಣ್ಣೆದುರೇ ಆಗುವುದು ಗಾಡಿಯ ಬಾಡಿಗೂ ಆಗುತ್ತದೆ, ನೀನು ನೋಡುವುದಿಲ್ಲ ಅಷ್ಟೇ. ತುತ್ತದ ನೀರು ಕಲಸುವ ಕೆಲಸ ಗಾಡಿಯ ಮೇಲೆ ಮಾಡಬೇಡ. ಡ್ರಮ್ಮು ಇಳಿಸಿದ ಕೂಡಲೇ ರಬ್ಬರ್ ಹಾಸು ಎತ್ತಿ ಅಡಿಯಲ್ಲಿ ಎರಡು ಕೊಡ ನೀರು ಹುಯ್ಯಿ. ಗೊಬ್ಬರ ತಂದ ದಿನವೂ ಅಷ್ಟೇ.

ಇನ್ನು ಕ್ಯಾಲೆಂಡರ್ ಲೆಕ್ಕ. ಮೇ ತಿಂಗಳಲ್ಲಿ ಮಳೆಗೆ ಮೊದಲು ಬ್ರೇಕು, ವೈಪರು, ಟೈರಿನ ಹಲ್ಲು, ಬ್ಯಾಟರಿ ನೋಡಿಸು, ಚಾಸಿಗೆ ತುಕ್ಕು ತಡೆಯುವ ಕೋಟಿಂಗು ಕೊಡಿಸು. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ಕೆಳಗಿನ ನೀರು ಆಗಾಗ ಬಿಡು. ಅಕ್ಟೋಬರಿನಲ್ಲಿ ಒಮ್ಮೆ ಎಲ್ಲ ಹೌಸಿಂಗಿನ ಎಣ್ಣೆ ನೋಡು. ಬೇಸಿಗೆಯಲ್ಲಿ ಏರ್ ಫಿಲ್ಟರು, ನಮ್ಮ ಕೆಂಪು ಧೂಳಿಗೆ ಕಂಪನಿಯ ಪುಸ್ತಕದ ಕಿಲೋಮೀಟರು ಲೆಕ್ಕ ಸಾಲುವುದಿಲ್ಲ. ವಾರಗಟ್ಟಲೆ ಓಡಿಸದೆ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಇಲಿ ವೈರು ಕಡಿಯುತ್ತದೆ, ಬಾನೆಟ್ಟು ಎತ್ತಿ ನೋಡದೆ ಸ್ಟಾರ್ಟ್ ಮಾಡಬೇಡ. ಹೊಸ ಗಾಡಿಯಾದರೆ ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದೆ. ಮನೆಯಿಂದ ತೋಟ, ತೋಟದಿಂದ ಮನೆ ಅಂತ ಬರೀ ಹತ್ತಿರದಲ್ಲೇ ಓಡಿಸಿದರೆ ಆ ಮಸಿ ಸುಟ್ಟು ಹೋಗುವಷ್ಟು ಬಿಸಿ ಬರುವುದಿಲ್ಲ. ಆಗಾಗ ಶಿವಮೊಗ್ಗದವರೆಗೆ ಒಂದೇ ಓಟ ಓಡಿಸು. ಅಮ್ಮನನ್ನೂ ಕರೆದುಕೊಂಡು ಹೋಗು, ಡಿಪಿಎಫ್‌ಗೂ ಒಳ್ಳೆಯದು, ಮನೆಗೂ ಒಳ್ಳೆಯದು. ಅದನ್ನು ಕಿತ್ತುಹಾಕಿಸು ಅನ್ನುವ ಜಾಣರು ಸಿಗುತ್ತಾರೆ, ಅವರ ಮಾತು ಬೇಡ.

ಒಂದು ನೋಟ್‌ಬುಕ್ ಇಡು. ತಾರೀಖು, ಕಿಲೋಮೀಟರು, ಏನು ಬದಲಿಸಿದೆ, ಎಷ್ಟಾಯಿತು. ಮೆಕ್ಯಾನಿಕ್ಕಿನ ಹತ್ತಿರ ಗಾಡಿ ಬಿಟ್ಟು ಹೋಟೆಲಿನಲ್ಲಿ ಕೂರಬೇಡ, ಪಕ್ಕದಲ್ಲಿ ನಿಂತು ನೋಡು, ಕೇಳು. ಹಳದಿ ಬೋರ್ಡಿನ ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ವರ್ಷ ವರ್ಷವೂ. ಅದನ್ನೂ ಅದೇ ಪುಸ್ತಕದಲ್ಲಿ ಬರೆ. ಸ್ಟೆಪ್ನಿ ಹಾಕುವುದನ್ನು ತಂಗಿಗೂ ಕಲಿಸು. ಗಾಡಿ ಓಡಿಸುವ ಕೈ ಮನೆಯಲ್ಲಿ ಎರಡಿರಲಿ.

ನೀರಿನ ಮಾತು ಬಿಟ್ಟು ಬೇರೆಲ್ಲ ಮರೆತರೂ ಕ್ಷಮಿಸುತ್ತೇನೆ. ದಂಡಾವತಿ ಹೊಳೆ ಉಕ್ಕಿದಾಗ, ವರದೆ ಬಯಲಿಗೆ ಹರಡಿ ಗದ್ದೆ ಯಾವುದು ರಸ್ತೆ ಯಾವುದು ತಿಳಿಯದಾದಾಗ, ಫೋರ್ ಬೈ ಫೋರ್ ಇದೆ ಅಂತ ಇಳಿಯಬೇಡ. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ. ಎರಡು ಅಡಿ ಇದ್ದರೆ ನಿನ್ನ ಪಿಕಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ನಾಲ್ಕಾದರೇನು, ಹತ್ತಾದರೇನು? ನಿಂತ ನೀರಿನಲ್ಲಿ ಎಂಜಿನ್ ಬಂದಾದರೆ ಮತ್ತೆ ಸ್ಟಾರ್ಟ್ ಮಾಡಬೇಡ. ಸಿಲಿಂಡರಿಗೆ ನೀರು ಹೋಗಿದ್ದರೆ ಒಂದೇ ತಿರುವಿಗೆ ಕನೆಕ್ಟಿಂಗ್ ರಾಡು ಬಾಗುತ್ತದೆ, ಎಂಜಿನ್ನು ಪೂರ್ತಿ ಇಳಿಸಬೇಕಾಗುತ್ತದೆ. ತಳ್ಳಿಸಿ ಮೇಲೆ ತಾ. ಯಾರೂ ನಗುವುದಿಲ್ಲ, ನಕ್ಕರೆ ನಗಲಿ.

ಹೂತರೆ ಮೊದಲು ಮಾಡುವ ಕೆಲಸ ಆಕ್ಸಿಲೇಟರಿನಿಂದ ಕಾಲು ತೆಗೆಯುವುದು. ಚಕ್ರ ತಿರುಗಿದಷ್ಟೂ ನಿನ್ನ ಹೊಂಡ ನೀನೇ ತೋಡಿಕೊಳ್ಳುತ್ತೀಯ. ಹಾರೆ, ಗುದ್ದಲಿ, ಕತ್ತಿ, ಜಾಕಿನ ಕೆಳಗೆ ಇಡಲು ಒಂದು ದಪ್ಪ ಹಲಗೆ ಯಾವಾಗಲೂ ಗಾಡಿಯಲ್ಲಿರಲಿ. ಹಲಗೆ ಇಲ್ಲದ ಜಾಕು ಕೆಸರಿನಲ್ಲಿ ಗಾಡಿ ಎತ್ತುವುದಿಲ್ಲ, ತಾನೇ ಇಳಿಯುತ್ತದೆ. ಚಕ್ರದ ಮುಂದೆ ಕೆಸರು ತೆಗೆದು ಕಲ್ಲು, ಸೊಪ್ಪು ತುಂಬು. ಟ್ರ್ಯಾಕ್ಟರು ಬಂದರೆ ಹಗ್ಗ ಕಟ್ಟುವುದು ಚಾಸಿಯ ಕೊಕ್ಕೆಗೆ, ಬಂಪರಿಗಲ್ಲ. ಎಳೆಯುವಾಗ ಹಗ್ಗದ ಹತ್ತಿರ ಯಾರನ್ನೂ ನಿಲ್ಲಿಸಬೇಡ, ತುಂಡಾದ ಹಗ್ಗ ಕಾಲು ಮುರಿಯುತ್ತದೆ. ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರಿನವನಿಗೆ ಡೀಸೆಲಿನ ದುಡ್ಡು ಕೈಯಲ್ಲಿಡು. ಬೇಡ ಅನ್ನುತ್ತಾನೆ, ಆದರೂ ಇಡು. ನಾಳೆ ಅವನ ಚೀಲ ಸಾಗಿಸಬೇಕಾದಾಗ ನೀನೂ ಬೇಡ ಅನ್ನು.

ಕೊನೆಗೆ ಮರ್ಯಾದೆಯ ಮಾತು. ಕಾನಿನೊಳಗೆ ದಾರಿ ಇಲ್ಲದ ಕಡೆ ನುಗ್ಗಿಸುವುದು ಸಾಹಸ ಅಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕೇಸು ಬೀಳುತ್ತದೆ. ಗುಡವಿ ಪಕ್ಷಿಧಾಮದ ಕಡೆ ಹೋದರೆ ಮಳೆಗಾಲ ಹಕ್ಕಿಗಳು ಗೂಡು ಕಟ್ಟುವ ಸಮಯ, ಹಾರ್ನು, ಹಾಡು ಎರಡೂ ಬಂದು ಮಾಡು. ಯಾರದೋ ಗದ್ದೆಯ ಬದು ಹತ್ತಿಸಬೇಡ. ಮಳೆಯಲ್ಲಿ ಊರಿನ ಮಣ್ಣು ದಾರಿಯಲ್ಲಿ ಆಟವಾಡಿ ಕೊರಕಲು ಮಾಡಿದರೆ ಮಾರನೆ ದಿನ ಅದೇ ಕೊರಕಲಿನಲ್ಲಿ ಶಾಲೆ ಮಕ್ಕಳು ನಡೆಯಬೇಕು. ಚಂದ್ರಗುತ್ತಿ ಜಾತ್ರೆಗೆ ಹಿಂದಿನ ಬಾಡಿಯಲ್ಲಿ ಜನ ತುಂಬಿಕೊಂಡು ಹೋಗುವ ಉಪಕಾರ ಬೇಡ. ಮಗುಚಿದರೆ ಹೋಗುವುದು ಅವರ ಜೀವ, ಇನ್ಶೂರೆನ್ಸೂ ಕೈ ಎತ್ತುತ್ತದೆ. ನಮ್ಮವರಿಗೆ ಬೇಡ ಅನ್ನಲು ಮುಖ ಬರುವುದಿಲ್ಲ ಅಂತ ನೀನು ಅನ್ನುತ್ತೀಯ. ಬೇಡ ಅನ್ನುವುದನ್ನು ಕಲಿಯದವನಿಗೆ ಗಾಡಿಯ ಕೀಲಿ ಕೊಡಬಾರದು ಅಂತ ನಾನು ಅನ್ನುತ್ತೇನೆ.

ಇಷ್ಟು ಕೇಳಿ ನಿನಗೆ ಆಕಳಿಕೆ ಬಂದಿರಬಹುದು. ಬರಲಿ. ಗಾಡಿ ಬುಕ್ ಮಾಡುವ ಮೊದಲು ಪೇಟೆಗೆ ಹೋಗಿ ಒಂದು ಗ್ರೀಸ್ ಗನ್ ತಗೊಂಡು ಬಾ. ಅಪ್ಪನ ಹಳೆಯ ಟಿಲ್ಲರಿಗೆ ಒಂದು ತಿಂಗಳು ಅದರಲ್ಲಿ ಗ್ರೀಸು ಹೊಡಿ, ಫಿಲ್ಟರು ತೊಳೆ, ಕೆಸರು ತೆಗೆ, ನೋಟ್‌ಬುಕ್ಕಿನಲ್ಲಿ ಬರೆ. ತಿಂಗಳ ಕೊನೆಗೂ ಬೇಜಾರು ಬಂದಿಲ್ಲ ಅಂದರೆ ನಿನಗೆ ಪಿಕಪ್ ದಕ್ಕುತ್ತದೆ ಅಂತ ಅರ್ಥ. ಆಗ ಗಾಡಿ ನೋಡಲು ನಾನೂ ಬರುತ್ತೇನೆ. ಬೆಲೆ ನಾನು ಮಾತಾಡುತ್ತೇನೆ. ಕೆಳಗೆ ಮಲಗಿ ನೋಡುವುದು ಮಾತ್ರ ನೀನೇ, ನನ್ನ ಮಂಡಿ ಈಗ ಆ ಕೆಲಸಕ್ಕಿಲ್ಲ.